ಪಾತ್ರದ ಅಚ್ಚು, ಮನುಷ್ಯನ ಮುಖ

ಸಾಹಿತ್ಯಾಭ್ಯಾಸಕ್ಕೆ ತೊಡಗಿದ ಮಕ್ಕಳಿಗೆ ಮೊದಲು ಕೈಗೆ ಸಿಗುವುದು ಪಾತ್ರಗಳ ಅಚ್ಚು. ತ್ಯಾಗಿಯಾದ ನಾಯಕ, ಕುಟಿಲನಾದ ಮಂತ್ರಿ, ಸಹನಶೀಲೆಯಾದ ಸತಿ, ನಿರ್ದಯಿ ಮಲತಾಯಿ ಇವರನ್ನು ಅವರು ಪುಟ ತೆರೆದೊಡನೆ ಗುರುತಿಸಬಲ್ಲರು. ನಮ್ಮ ಆಲಂಕಾರಿಕರೂ ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ೪ ಬಗೆಯಾಗಿ ವಿಂಗಡಿಸಿದರು. ದೊಡ್ಡಾಟದ ರಕ್ಕಸನನ್ನು ಹಳ್ಳಿಯ ಜನ ಅವನ ವೇಷ ಮತ್ತು ಹೆಜ್ಜೆಯಿಂದಲೇ ಅರಿಯುತ್ತಾರೆ. ಆದುದರಿಂದ ಅಚ್ಚನ್ನು ಗುರುತಿಸುವುದು ತಪ್ಪಲ್ಲ. ಅಲ್ಲಿಯೇ ನಿಂತುಬಿಡುವುದು ತಪ್ಪು. ಆಳಂದ, ಜೇವರ್ಗಿ, ಅಫಜಲಪುರ ತಾಲೂಕುಗಳಲ್ಲಿ ಕನ್ನಡ ಪಾಠ ಹೇಳಿದ ನನಗೆ ಇದು ಅನುಭವದಿಂದ ತಿಳಿದ ಮಾತು.

ಆಳಂದದ ಮಕ್ಕಳಿಗೆ ಏಕಾಂತದ ರಾಮಯ್ಯನೆಂದರೆ ಶಿರವನ್ನು ಅರ್ಪಿಸಿ ಮರಳಿ ಪಡೆದ ವೀರಭಕ್ತ. ಅಷ್ಟಕ್ಕೆ ಅವರ ಉತ್ತರ ಮುಗಿಯುತ್ತಿತ್ತು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನವು ಆತನ ಊರು ಅಲಂದೆ, ತಂದೆ ಪುರುಷೋತ್ತಮ ಭಟ್ಟ, ತಾಯಿ ಪದ್ಮಾಂಬಿಕೆ ಎಂದು ಹೇಳುತ್ತದೆ. ಮಕ್ಕಳಿಲ್ಲದ ದಂಪತಿಗಳು ಶಿವನನ್ನು ಬೇಡಿ ಪಡೆದ ಮಗನೆಂಬ ಹಳೆಯ ಅಚ್ಚು ಆ ಕಲ್ಲಿನಲ್ಲಿಯೂ ಉಂಟು. ಆದರೂ ತಾಯಿಯ ಹೆಸರನ್ನು ಕೇಳಿದೊಡನೆ ಮಕ್ಕಳ ಪ್ರಶ್ನೆಗಳು ಬದಲಾಗುತ್ತಿದ್ದವು. ಮಗನು ಅಷ್ಟು ದೂರ ಹೊರಟಾಗ ಆಕೆ ಏನೆಂದುಕೊಂಡಿರಬಹುದು ಎಂದು ಅವರು ಯೋಚಿಸತೊಡಗುತ್ತಿದ್ದರು.

ಜೇವರ್ಗಿಯಲ್ಲಿ ಅಲ್ಲಮಪ್ರಭುವಿನ ಎರಡು ಕಥೆಗಳನ್ನು ಜೊತೆಯಾಗಿಟ್ಟು ಓದಿಸುತ್ತಿದ್ದೆನು. ೧೫ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮಾಯೆ ಮೋಹಿನಿಯಾಗಿ ಬರುತ್ತಾಳೆ, ಪ್ರಭು ಆಕೆಗೆ ವಶನಾಗುವುದಿಲ್ಲ. ಅದಕ್ಕೂ ಹಿಂದಿನ ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯನ್ನು ಒಲಿದು, ಆಕೆಯ ಮರಣದಿಂದ ದಿಕ್ಕೆಟ್ಟು ಅಲೆದು, ಕಡೆಗೆ ಅನಿಮಿಷಯ್ಯನನ್ನು ಕಾಣುತ್ತಾನೆ. ಒಬ್ಬ ಕವಿಗೆ ಹೆಣ್ಣು ಪರೀಕ್ಷೆಯಾದಳು. ಇನ್ನೊಬ್ಬನಿಗೆ ದುಃಖದ ಮೂಲಕ ದಾರಿಯಾದಳು. ಅಚ್ಚನ್ನು ಆರಿಸುವವನು ಕವಿ ಎಂಬುದು ಇಲ್ಲಿ ಮಕ್ಕಳಿಗೆ ಸ್ಪಷ್ಟವಾಗುತ್ತಿತ್ತು.

ಇದು ಬರಿಯ ಪರೀಕ್ಷೆಯ ಅಂಕಗಳ ಮಾತಲ್ಲ. ಅಫಜಲಪುರ ತಾಲೂಕಿನ ಒಂದು ಶಾಲೆಯಲ್ಲಿ ಧ್ರುವನ ಕಥೆ ನಡೆದಿತ್ತು. ಸುರುಚಿಯ ಹೆಸರು ಬಂದೊಡನೆ ಮಕ್ಕಳೆಲ್ಲ, “ಮಲತಾಯಿ ಅಂದ್ರ ಹಂಗೇ ಇರ್ತಾಳ್ರೀ ಸರ” ಎಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ನಮ್ಮವ್ವನೂ ಎರಡನೇದಾಕೀನೇ ಅದಾಳ್ರೀ ಸರ. ನನ್ನ ಫೀ ಕಟ್ಟಾಕ ತನ್ನ ಬೋರಮಳ ಮಾರ್ಯಾಳ್ರೀ” ಎಂದಳು. ತರಗತಿ ಮೌನವಾಯಿತು. ಸುರುಚಿಯ ಕಾಠಿಣ್ಯ ಕಥೆಯಲ್ಲಿ ನಿಜವೇ; ಆದರೆ ಅದನ್ನು ಪಕ್ಕದ ಮನೆಯ ತಾಯಿಗೆ ಹೊರಿಸುವ ಅಧಿಕಾರ ಓದುಗನಿಗೆ ಇಲ್ಲ. ಸೊಸೆ, ಅತ್ತೆ, ವಿಧವೆ, ಕೂಲಿಯವ ಇವರನ್ನೂ ನಾವು ಹೀಗೆಯೇ ನೋಡದೆ ತೀರ್ಮಾನಿಸುವುದುಂಟು.

ಅಚ್ಚು ಒಂದೇ ಆದರೂ ಬೆಲ್ಲದ ರುಚಿ ಕಬ್ಬು ಬೆಳೆದ ಹೊಲದ್ದು. ಶ್ರಾವಣದಲ್ಲಿ ಪುರಾಣ ಕೇಳಿ ಮನೆಗೆ ಮರಳಿದಾಗ ತಂದೆತಾಯಿಗಳು ಮಕ್ಕಳಿಗೆ ಮೂರು ಪ್ರಶ್ನೆ ಹಾಕಬೇಕು: ಈ ಪಾತ್ರ ಯಾವ ಬಗೆಯದು? ಆ ಬಗೆಯನ್ನು ಮೀರಿ ಅದು ಎಲ್ಲಿ ನಡೆಯಿತು? ಕವಿಯು ಯಾರ ಮಾತನ್ನು ನಮಗೆ ಕೇಳಿಸಲಿಲ್ಲ? ಊಟಕ್ಕೆ ಕುಳಿತಾಗ ಈ ಮಾತುಕತೆ ನಡೆದರೂ ಸಾಕು, ಮಕ್ಕಳು ಗ್ರಂಥವನ್ನೂ ನೆರೆಹೊರೆಯವರನ್ನೂ ತಾಳ್ಮೆಯಿಂದ ಓದುವುದನ್ನು ಕಲಿತಾರು.