ನಿಶಾಗೋಷ್ಠಿಯ ಬಾಗಿಲು

ನೈಟ್ ಕ್ಲಬ್ಬೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಗೃಹಸ್ಥರಲ್ಲಿ ಬಹುಮಂದಿ ಹುಬ್ಬು ಗಂಟಿಕ್ಕುತ್ತಾರೆ. ಮದ್ಯ, ಕುಣಿತ, ಹೊತ್ತುಮೀರಿದ ಅಲೆದಾಟ ಇವಿಷ್ಟೇ ಅವರ ಕಣ್ಣಿಗೆ ಕಟ್ಟುವುವು. ಮದ್ಯದ ಪಕ್ಷವನ್ನು ವಹಿಸುವುದು ನಮ್ಮ ಉದ್ದೇಶವಲ್ಲ. ಆದರೆ ರಾತ್ರಿಯ ಸಂಗೀತಗೋಷ್ಠಿಯೇ ಪರದೇಶದಿಂದ ಬಂದ ಪಿಡುಗೆಂಬುದನ್ನು ನಾವು ಒಪ್ಪಲಾರೆವು. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಸಾಧುಶೀಲನಾದ ಚಾರುದತ್ತನು ರೇಭಿಲನ ಗಾನವನ್ನು ಕೇಳಿ ಅರ್ಧರಾತ್ರಿ ಕಳೆದ ಮೇಲೆ ಮನೆಗೆ ಹಿಂದಿರುಗುತ್ತಾನೆ. ದಾರಿಯಲ್ಲಿ ವೀಣೆಯನ್ನೂ ಹಾಡನ್ನೂ ಮನಸಾರೆ ಕೊಂಡಾಡುತ್ತಾನೆ. ಕವಿಯು ಇದನ್ನು ದೋಷವೆಂದು ಎಣಿಸಲಿಲ್ಲ. ಇಂತಹ ಗೋಷ್ಠಿಗಳ ವಿಷಯದಲ್ಲಿ ಕೇಳತಕ್ಕ ಪ್ರಶ್ನೆ ಬೇರೊಂದುಂಟು: ಅವುಗಳ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ? ಅಮೆರಿಕದ ನ್ಯೂಯಾರ್ಕ್ ನಗರದ ಎರಡು ಕ್ಲಬ್ಬುಗಳ ಚರಿತ್ರೆಯಿಂದ ಈ ಪ್ರಶ್ನೆಯ ತೂಕವು ವಿಶದವಾಗುತ್ತದೆ.

ಆ ದೇಶದಲ್ಲಿ 1920ರಿಂದ 1933ರವರೆಗೆ ಪಾನನಿಷೇಧದ ಶಾಸನವಿದ್ದಿತು. ಕುಡಿತವು ಅದರಿಂದ ನಿಲ್ಲದೆ ರಾತ್ರಿಯ ಮರೆಯನ್ನು ಸೇರಿತು. ಕಳ್ಳಮದ್ಯದ ವ್ಯಾಪಾರದಲ್ಲಿ ಹೆಸರಾದ ಓನಿ ಮ್ಯಾಡನ್ ಎಂಬವನು, ಕಪ್ಪು ಜನರು ವಾಸಿಸುತ್ತಿದ್ದ ಹಾರ್ಲೆಮ್ ಎಂಬ ಬಡಾವಣೆಯಲ್ಲಿ 1923ರಲ್ಲಿ ಕಾಟನ್ ಕ್ಲಬ್ಬನ್ನು ನಡೆಸತೊಡಗಿದನು. ಅಲ್ಲಿ ಹಾಡುವವರೂ ಕುಣಿಯುವವರೂ ವಾದ್ಯ ನುಡಿಸುವವರೂ ಕಪ್ಪು ಜನರು. ಕುಳಿತು ಸವಿಯುವವರು ಬಿಳಿಯರು. ತಮ್ಮದೇ ಬೀದಿಯಲ್ಲಿದ್ದ ಆ ಕ್ಲಬ್ಬಿಗೆ ಹಾರ್ಲೆಮಿನ ಜನರು ಪ್ರೇಕ್ಷಕರಾಗಿ ಹೋಗುವಂತಿರಲಿಲ್ಲ. 1927ರಲ್ಲಿ ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದವು ಅಲ್ಲಿ ನೆಲೆಗೊಂಡಿತು. ಅವರ ವಾದನವು ರೇಡಿಯೋ ಮೂಲಕ ದೇಶದಲ್ಲೆಲ್ಲ ಕೇಳಿಬಂದಿತು. ಜಾಜ್ ಸಂಗೀತದ ಕೀರ್ತಿ ಹಬ್ಬಿದುದರಲ್ಲಿ ಆ ಕ್ಲಬ್ಬಿನ ಪಾಲು ದೊಡ್ಡದೇ ಸರಿ. ಆದರೆ ನಾದಕ್ಕೆ ದೊರೆತ ಸ್ವಾತಂತ್ರ್ಯವು ಆ ನಾದವನ್ನು ಹುಟ್ಟಿಸಿದ ಜನರಿಗೆ ದೊರೆಯಲಿಲ್ಲ.

ಇದನ್ನು ಓದಿ ಪರದೇಶದವರನ್ನು ಹಳಿಯಲು ನಮಗೆ ನಾಲಗೆ ಏಳಲಿಲ್ಲ. ನಾವು ಬಾಲಕರಾಗಿದ್ದಾಗ ಸಹಪಾಠಿಯೊಬ್ಬನ ತಂದೆಯು ಊರಿನ ಜಾತ್ರೆಯಲ್ಲಿ ತಮಟೆ ಬಾರಿಸುತ್ತಿದ್ದರು. ಅವರ ತಮಟೆಯ ಸದ್ದಿಲ್ಲದೆ ತೇರು ಹೊರಡುತ್ತಿರಲಿಲ್ಲ. ಇರುಳೆಲ್ಲ ಬಾರಿಸಿ ದಣಿದು ಬಂದವರಿಗೆ ಬೆಳಗ್ಗೆ ಊರಿನ ಹೋಟೆಲಿನವರು ಹೊರಗಡೆಯೇ, ಬೇರೆಯಾಗಿಟ್ಟ ಲೋಟದಲ್ಲಿ ಕಾಫಿ ಕೊಡುತ್ತಿದ್ದರು. ಕುಡಿದವರೇ ಅದನ್ನು ತೊಳೆದಿಡಬೇಕು. ಮಗನು ತಂದೆಯ ಮಗ್ಗುಲಲ್ಲಿ ನಿಂತು, ಒಳಗೆ ಬೆಂಚಿನ ಮೇಲೆ ಕುಳಿತ ನಮ್ಮನ್ನು ನೋಡುತ್ತಿದ್ದನು. ಐವತ್ತು ವರ್ಷ ಕಳೆದರೂ ಆ ನೋಟವು ನಮ್ಮ ಮನಸ್ಸಿನಿಂದ ಮಾಸಿಲ್ಲ.

ಇನ್ನು ಎರಡನೆಯ ಕ್ಲಬ್ಬಿನ ವಿಷಯ. ಪಾದರಕ್ಷೆಯ ವ್ಯಾಪಾರದಲ್ಲಿದ್ದ ಬಾರ್ನಿ ಜೋಸೆಫ್‌ಸನ್ ಎಂಬವರು 1938ರ ಕೊನೆಯಲ್ಲಿ ಅದೇ ನಗರದಲ್ಲಿ ಕೆಫೆ ಸೊಸೈಟಿಯನ್ನು ತೆರೆದರು. ವೇದಿಕೆಯ ಮೇಲಾಗಲಿ ಆಸನಗಳಲ್ಲಾಗಲಿ ವರ್ಣಭೇದ ಕೂಡದೆಂಬುದು ಅಲ್ಲಿನ ನಿಯಮ. 1939ರಲ್ಲಿ ಬಿಲ್ಲಿ ಹಾಲಿಡೇ ಎಂಬ ಗಾಯಕಿಯು ಅಲ್ಲಿ ‘ಸ್ಟ್ರೇಂಜ್ ಫ್ರೂಟ್’ ಎಂಬ ಗೀತವನ್ನು ಹಾಡಿದರು. ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದು ಮರಕ್ಕೆ ತೂಗುಹಾಕುತ್ತಿದ್ದ ಘೋರಕೃತ್ಯವೇ ಅದರ ವಸ್ತು. ಅದನ್ನು ರಚಿಸಿದವರು ಏಬಲ್ ಮೀರೊಪೋಲ್ ಎಂಬ ಒಬ್ಬ ಶಾಲಾಶಿಕ್ಷಕರೆಂಬುದು, ಆ ವೃತ್ತಿಯಲ್ಲೇ ತಲೆ ನರೆತ ನಮಗೆ ವಿಶೇಷ ಅಭಿಮಾನದ ಸಂಗತಿ. ಆ ಹಾಡಿನ ವೇಳೆಗೆ ಪರಿಚಾರಕರು ಬಡಿಸುವುದನ್ನು ನಿಲ್ಲಿಸುತ್ತಿದ್ದರು. ಗಾಯಕಿಯ ಮುಖದ ಮೇಲಿನ ಬೆಳಕೊಂದನ್ನುಳಿದು ದೀಪಗಳೆಲ್ಲ ಆರುತ್ತಿದ್ದುವು. ಹಾಡು ಮುಗಿದ ಮೇಲೆ ಎಷ್ಟು ಚಪ್ಪಾಳೆಯಾದರೂ ಆಕೆ ಮತ್ತೆ ವೇದಿಕೆಗೆ ಬರುತ್ತಿರಲಿಲ್ಲ. ವಿನೋದಕ್ಕೆಂದು ಬಂದವರು ತಮ್ಮ ದೇಶದ ಪಾಪವನ್ನು ಕೇಳಿ ಮನೆಗೆ ಹೋದರು.

ಮೊದಲಿನ ಕಾಟನ್ ಕ್ಲಬ್ಬು 1940ರಲ್ಲಿ ಮುಚ್ಚಿತು. ಕೆಫೆ ಸೊಸೈಟಿಯೂ ಸುಮಾರು ಹತ್ತು ವರ್ಷ ನಡೆದು ನಿಂತಿತು. ಎರಡರಲ್ಲಿಯೂ ಮದ್ಯವಿದ್ದಿತು, ಉತ್ತಮ ಸಂಗೀತವಿದ್ದಿತು, ರಾತ್ರಿಯೂ ಅದೇ. ಬಾಗಿಲಿನ ನಿಯಮವೊಂದೇ ಬೇರೆ. ಅದರಿಂದಲೇ ಅವೆರಡರ ಯೋಗ್ಯತೆಯೂ ಬೇರೆಯಾಯಿತು. ಮನೆಯ ಮಕ್ಕಳು ರಾತ್ರಿ ಹೊರಗೆ ಹೊರಟಾಗ ಹೊತ್ತಿನ ವಿಷಯವನ್ನೂ ಕುಡಿತದ ವಿಷಯವನ್ನೂ ಹಿರಿಯರು ವಿಚಾರಿಸುವುದು ಯುಕ್ತವೇ. ಅದರೊಡನೆ ನಮ್ಮ ಮದುವೆ, ಹಬ್ಬ, ಕಚೇರಿಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು. ವಾದ್ಯ ನುಡಿಸಿದವರು ನಮ್ಮ ಪಂಕ್ತಿಯಲ್ಲಿಯೇ ಊಟಕ್ಕೆ ಕುಳಿತರೇ ಎಂಬುದನ್ನು ಮನೆಯ ಯಜಮಾನರೂ ಯಜಮಾನಿಯರೂ ಗಮನಿಸಬೇಕೆಂದು ನಮ್ಮ ಪ್ರಾರ್ಥನೆ.