ಮಂಗಳಕ್ಕೆ ಹೊರಡುವ ಮುನ್ನ

ಮಕ್ಕಳೇ, ಕಂಪ್ಯೂಟರ್ ಆಟಗಳಲ್ಲಿ ನನಗೆ ತುಂಬ ಹಿಡಿಸಿದ್ದು ‘ಆರ್ಬಿಟರ್’. ಮಾರ್ಟಿನ್ ಶ್ವೈಗರ್ ಎಂಬುವರು ಇದನ್ನು ತಯಾರಿಸಿ 2000ದಲ್ಲಿ ಹೊರತಂದರು. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಇದರಲ್ಲಿ ಶತ್ರುಗಳಿಲ್ಲ, ಗುಂಡಿನ ಸದ್ದಿಲ್ಲ. ನೀವೊಂದು ಗಗನನೌಕೆಯ ಚಾಲಕರು, ಅಷ್ಟೆ. ಗ್ರಹಗಳು ಮಾತ್ರ ನಿಜವಾದ ಸೌರವ್ಯೂಹದಲ್ಲಿರುವಂತೆಯೇ ಸುತ್ತುತ್ತಿರುತ್ತವೆ.

ನಾನು ಆಡುವಾಗ ಪಕ್ಕದಲ್ಲಿ ಪೆನ್ಸಿಲ್, ಹಾಳೆ, ಕೋನಮಾಪಕ ಮತ್ತು ಗ್ರಹಗಳ ಒಂದು ಕೋಷ್ಟಕ ಇರುತ್ತವೆ. ಅವನ್ನು ಕಂಡ ಏಳನೇ ತರಗತಿಯ ಹುಡುಗಿಯೊಬ್ಬಳು, “ನೋಡ್ಕೊಂಡು ಆಡಿದ್ರೆ ಅದು ಕಾಪಿ ಅಲ್ವಾ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ!

ಉತ್ತರ ಹುಡುಕಲು ಸಾಗರ ತಾಲ್ಲೂಕಿನ ಹೊನ್ನೆಮರಡಿಗೆ ಹೋಗೋಣ. ಇದು ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ದಡದ ಊರು. ಇಲ್ಲಿ ಹರಿಗೋಲು, ದೋಣಿ ನಡೆಸುವುದನ್ನು ಕಲಿಸುತ್ತಾರೆ. ದೂರದಲ್ಲಿ ಸಾಗುತ್ತಿರುವ ದೋಣಿಯೊಂದನ್ನು ನೀವು ಸೇರಬೇಕು ಎಂದುಕೊಳ್ಳಿ. ಅದು ಈಗ ಇರುವ ಜಾಗಕ್ಕೆ ಹುಟ್ಟು ಹಾಕಿದರೆ, ನೀವು ತಲುಪುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಅದು ಆಗ ಎಲ್ಲಿರುತ್ತದೋ ಅಲ್ಲಿಗೇ ಹೊರಡಬೇಕು. ದೋಣಿಗಾದರೆ ಕಣ್ಣಳತೆ ಸಾಕು. ಅದೇ ದಡದಿಂದ ರಾತ್ರಿ ಕೆಂಪಗೆ ಕಾಣುವ ಮಂಗಳಕ್ಕೆ ಸಾಕೇ?

ಸಾಲದು. ನೌಕೆಯಲ್ಲಿ ಇಂಧನ ಕಡಿಮೆ. ಸರಿಯಾದ ಸಮಯ ತಪ್ಪಿದರೆ ಮತ್ತೆ ಸುಮಾರು 26 ತಿಂಗಳು ಕಾಯಬೇಕು. ಆದ್ದರಿಂದ ನಾನು ಕೋಷ್ಟಕ ನೋಡುತ್ತೇನೆ. ಮಂಗಳ ಸೂರ್ಯನನ್ನು ಒಮ್ಮೆ ಸುತ್ತಲು 687 ದಿನ ಬೇಕು. ಕಡಿಮೆ ಇಂಧನದ ದಾರಿಯಲ್ಲಿ ನೌಕೆ ಮಂಗಳ ತಲುಪಲು ಸುಮಾರು 259 ದಿನ. ಅಷ್ಟರಲ್ಲಿ ಮಂಗಳ ಎಷ್ಟು ಸರಿದಿರುತ್ತದೆ? 360ನ್ನು 687ರಿಂದ ಭಾಗಿಸಿ, 259ರಿಂದ ಗುಣಿಸಿ. ಸುಮಾರು 136 ಡಿಗ್ರಿ. ನೌಕೆ ಸೂರ್ಯನ ಸುತ್ತ ಅರ್ಧ ಸುತ್ತು, ಅಂದರೆ 180 ಡಿಗ್ರಿ ಹೋಗುತ್ತದೆ. 180ರಲ್ಲಿ 136 ಕಳೆದರೆ 44. ಹೊರಡುವ ದಿನ ಮಂಗಳ ಭೂಮಿಗಿಂತ 44 ಡಿಗ್ರಿ ಮುಂದಿರಬೇಕು!

ನಿಜವಾದ ಗಗನಯಾತ್ರಿಗಳೂ ಹೀಗೆಯೇ ಮಾಡುತ್ತಾರೆ. 1966ರ ನವೆಂಬರ್‌ನಲ್ಲಿ ‘ಜೆಮಿನಿ-12’ ನೌಕೆ ಇನ್ನೊಂದು ನೌಕೆಯನ್ನು ಸೇರಲು ಹೋಗುತ್ತಿದ್ದಾಗ ರೇಡಾರ್ ಕೈಕೊಟ್ಟಿತು. ಬಝ್ ಆಲ್ಡ್ರಿನ್ ಕೋನ ಅಳೆಯುವ ಸೆಕ್ಸ್‌ಟಂಟ್ ಮತ್ತು ಜೊತೆಗಿದ್ದ ಕೋಷ್ಟಕಗಳ ನೆರವಿನಿಂದ ಲೆಕ್ಕ ಹಾಕಿದರು. ನೌಕೆಗಳು ಸೇರಿದವು. ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಉಡಾವಣೆಗೊಂಡು, 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ಅದರ ಜಾಡನ್ನು ಬೆಂಗಳೂರಿನ ಬಳಿಯ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾದಿಂದಲೂ ಹಿಡಿಯಲಾಗುತ್ತಿತ್ತು.

ಹಾಗಾದರೆ ಕೋಷ್ಟಕ ನೋಡುವುದು ಕಾಪಿಯೇ? ಅಲ್ಲ. ಅದು 687 ಎಂಬ ಅಂಕಿಯನ್ನಷ್ಟೇ ಕೊಟ್ಟಿತು. ಅದರಿಂದ ಏನನ್ನು ಕಂಡುಹಿಡಿಯಬೇಕು ಎಂದು ಯೋಚಿಸಿದ್ದು ನಾವು. ‘ಈಗ ಗುಂಡಿ ಒತ್ತಿ’ ಎಂದು ಹೇಳಿಕೊಡುವ ತಂತ್ರಾಂಶಗಳೂ ಇವೆ. ಅವುಗಳಿಂದಲೂ ಮಂಗಳ ತಲುಪಬಹುದು. ಆದರೆ ‘ಈಗಲೇ ಏಕೆ?’ ಎಂದು ಯಾರಾದರೂ ಕೇಳಿದರೆ ಉತ್ತರ ನಮ್ಮ ಬಳಿ ಇರುವುದಿಲ್ಲ.

ಈಗ ನಿಮ್ಮ ಸರದಿ. ಶುಕ್ರ ಸೂರ್ಯನನ್ನು 225 ದಿನಗಳಲ್ಲಿ ಸುತ್ತುತ್ತದೆ. ಅಲ್ಲಿಗೆ ಇದೇ ಬಗೆಯ ಪ್ರಯಾಣಕ್ಕೆ ಸುಮಾರು 146 ದಿನ ಸಾಕು. ಹೊರಡುವ ದಿನ ಶುಕ್ರ ಭೂಮಿಗಿಂತ ಮುಂದಿರಬೇಕೋ, ಹಿಂದಿರಬೇಕೋ? ಎಷ್ಟು ಡಿಗ್ರಿ? ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ.