ಚೀನ ದೇಶದಲ್ಲಿ ಮನುಷ್ಯನ ಹಕ್ಕು

ಒಂದು ದೇಶದ ಜನರು ಹೊರಗಿನಿಂದ ಒಂದು ಮಾತನ್ನು ತಂದುಕೊಂಡಾಗ, ಆ ಮಾತಿನೊಡನೆ ಏನೇನು ಬಂದಿತು, ಏನೇನು ದಾರಿಯಲ್ಲಿಯೇ ಉಳಿಯಿತು ಎಂಬುದನ್ನು ವಿಚಾರಿಸುವುದು ಶಬ್ದಗಳಲ್ಲಿ ಆಸಕ್ತಿಯುಳ್ಳವರಿಗೆ ರುಚಿಸುವ ಕೆಲಸ. ಕನ್ನಡದ ‘ಹಕ್ಕು’ ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಅದು ಅರಬ್ಬೀ ಮಾತು. ಮೂಲದಲ್ಲಿ ಅದಕ್ಕೆ ಸತ್ಯವೆಂಬ ಅರ್ಥವೂ ಉಂಟು. ಪಾರಸಿ ಬಲ್ಲ ಕಚೇರಿಗಳ ಮೂಲಕ ರೈತನ ಹೊಲಕ್ಕೂ ಮನೆಗೂ ಇಳಿದು ಇಂದು ಅಚ್ಚಗನ್ನಡವೋ ಎಂಬಂತೆ ನೆಲಸಿದೆ. ಸಂಸ್ಕೃತದಲ್ಲಿ ಇದಕ್ಕೆ ಸಮೀಪವಾದುದು ‘ಅಧಿಕಾರ’. ಕರ್ಮವನ್ನಾಚರಿಸಿ ಅದರ ಫಲವನ್ನು ಪಡೆಯಲು ಯಾರು ಅರ್ಹರು ಎಂಬುದನ್ನು ಮೀಮಾಂಸಕರು ಈ ಶಬ್ದದಿಂದಲೇ ನಿರ್ಣಯಿಸಿದರು. ಜನರ ಬಾಯಲ್ಲಿಯಾದರೋ ಅದು ಅಮಲ್ದಾರನ ದರ್ಪಕ್ಕೆ ಹೆಸರಾಗಿ ನಿಂತಿತು. ಚೀನ ದೇಶದಲ್ಲಿಯೂ ಇಂತಹದೇ ಒಂದು ತೊಡಕು ಹುಟ್ಟಿತು. ಅಲ್ಲಿ ಅದು ನಿಘಂಟಿನೊಳಗೆ ಮಾತ್ರ ಉಳಿಯಲಿಲ್ಲ.

1864ರಲ್ಲಿ ಮಾರ್ಟಿನ್ ಎಂಬ ಅಮೆರಿಕದ ಪಾದ್ರಿಯೊಬ್ಬರು ಚೀನೀ ಪಂಡಿತರ ನೆರವಿನಿಂದ ರಾಷ್ಟ್ರಗಳ ನಡುವಣ ನ್ಯಾಯವನ್ನು ಕುರಿತ ಗ್ರಂಥವೊಂದನ್ನು ಚೀನೀ ಭಾಷೆಗೆ ಪರಿವರ್ತಿಸಿದರು. ಹಕ್ಕೆಂಬ ಭಾವಕ್ಕೆ ಅವರು ಆರಿಸಿಕೊಂಡ ಶಬ್ದ ‘ಚುವಾನ್‌ಲೀ’. ಇದರ ಮೊದಲ ಪದಕ್ಕೆ ತಕ್ಕಡಿಯ ತೂಕದ ಕಲ್ಲು ಎಂಬುದು ಹಳೆಯ ಅರ್ಥ. ಅಲ್ಲಿಂದ ಬೆಳೆದುದು ಬಲ, ಅಧಿಕಾರ ಎಂಬ ಅರ್ಥ. ಎರಡನೆಯ ಪದಕ್ಕೆ ಲಾಭವೆಂದು ಅರ್ಥ. ಪುರಾತನ ಗ್ರಂಥಗಳಲ್ಲಿ ಈ ಜೋಡಿ ಬಂದಿರುವುದು ಸಜ್ಜನನು ಮರುಳಾಗಬಾರದ ಬಲ ಮತ್ತು ಲಾಭಗಳ ಪ್ರಸ್ತಾಪದಲ್ಲಿ. ಹೀಗೆ ಲೋಭದ ವಾಸನೆಯುಳ್ಳ ಶಬ್ದವೊಂದು ನ್ಯಾಯದ ಪೀಠವನ್ನೇರಿತು. ಮಿಲ್ಲನ ಸ್ವಾತಂತ್ರ್ಯ ಗ್ರಂಥವನ್ನು ಚೀನೀ ಭಾಷೆಗೆ ತಂದ ಯೆನ್ ಫೂ ಎಂಬ ವಿದ್ವಾಂಸರಿಗೆ ಇದು ಹಿಡಿಸಲೇ ಇಲ್ಲ. ನೇರವಾದುದು, ಋಜುವಾದುದು ಎಂಬ ಅರ್ಥವುಳ್ಳ ಹಳೆಯ ಪದವೊಂದೇ ಇಲ್ಲಿಗೆ ಸಲ್ಲತಕ್ಕದ್ದೆಂದು ಅವರು ವಾದಿಸಿದರು. ಪಂಡಿತರ ವಾದ ಎಲ್ಲಿಯೂ ಗೆಲ್ಲುವುದು ಅಪರೂಪ. ಅಷ್ಟರಲ್ಲಿ ಜಪಾನೀಯರೂ ಅದೇ ಶಬ್ದವನ್ನು ಬಳಕೆಗೆ ತಂದಿದ್ದರು. ಯೆನ್ ಫೂ ಅವರ ಆತಂಕಕ್ಕೆ ಕಾರಣವಿತ್ತು. ‘ನನ್ನ ಹಕ್ಕು’ ಎಂದು ಹೇಳುವವನು ‘ನನ್ನ ಬಲ, ನನ್ನ ಲಾಭ’ ಎಂದು ಹೇಳಿದಂತೆ ಕೇಳಿಸಿದರೆ, ಸಾಧುಜನರು ಆ ಮಾತನ್ನಾಡಲು ಸಂಕೋಚಪಡುವುದೂ ಆಳುವವರು ಅದನ್ನು ಸ್ವಾರ್ಥವೆಂದು ತಳ್ಳಿಹಾಕುವುದೂ ಸುಲಭವಾಗುತ್ತದೆ.

ಇದು ಹಾಗಿರಲಿ. ಹಕ್ಕೆಂಬುದು ಚೀನೀಯರಿಗೆ ಪಶ್ಚಿಮದವರು ಕೊಟ್ಟ ಭಿಕ್ಷೆಯೆಂದು ಯಾರಾದರೂ ತಿಳಿದರೆ, ಅವರು ಪೆಂಗ್ ಚುನ್ ಚಾಂಗ್ ಅವರ ಚರಿತ್ರೆಯನ್ನು ಅರಿಯಬೇಕು. 1892ರಲ್ಲಿ ತಿಯೆನ್‌ಸಿನ್ ನಗರದಲ್ಲಿ ಹುಟ್ಟಿದ ಇವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದಿದರು. ತಮ್ಮ ಅಣ್ಣ ಸ್ಥಾಪಿಸಿದ ನಾನ್‌ಕಾಯ್ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕರಾಗಿ ನಾಟಕಗಳನ್ನಾಡಿಸಿದರು. 1930ರಲ್ಲಿ ಪ್ರಸಿದ್ಧ ನಟ ಮೇ ಲಾನ್‌ಫಾಂಗರು ಅಮೆರಿಕಕ್ಕೆ ಹೋದಾಗ ಅವರ ರಂಗಕ್ಕೆ ನಿರ್ದೇಶಕರಾಗಿದ್ದರು. ತರುವಾಯ ರಾಯಭಾರಿಯಾದರು. ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಸಿದ್ಧಪಡಿಸಲು ಹೊರಟಾಗ ಎಲೀನರ್ ರೂಸ್‌ವೆಲ್ಟರು ಆಯೋಗದ ಅಧ್ಯಕ್ಷೆ, ಚಾಂಗರು ಉಪಾಧ್ಯಕ್ಷರು. ಮೊದಲ ವಿಧಿಯಲ್ಲಿ ಮನುಷ್ಯನ ಲಕ್ಷಣವಾಗಿ ವಿವೇಕವನ್ನು ಮಾತ್ರ ಹೇಳಿದರೆ ಸಾಲದು, ‘ರೆನ್’ ಸಹ ಸೇರಬೇಕು ಎಂದು ಅವರು ಹಟ ಹಿಡಿದರು. ಚೀನೀ ಲಿಪಿಯಲ್ಲಿ ಈ ಅಕ್ಷರದ ಎಡಭಾಗ ಮನುಷ್ಯ, ಬಲಭಾಗ ಎರಡು. ಒಬ್ಬನು ಇನ್ನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಳುವುದು ರೆನ್. ಕರುಣೆ, ಅನುಕಂಪ, ಸಹೃದಯತೆ ಎಂಬ ಯಾವುದೊಂದೂ ಇದಕ್ಕೆ ಸಮನಾಗದು. ಸಭೆ ಅದನ್ನು ಒಪ್ಪಿ, ಇಂಗ್ಲಿಷಿನಲ್ಲಿ ಅಂತಃಸಾಕ್ಷಿ ಎಂಬರ್ಥದ ಶಬ್ದವನ್ನು ಹಾಕಿತು. ಅರ್ಧದಷ್ಟು ಸೋರಿಹೋದರೂ ಅರ್ಧ ಉಳಿಯಿತು. ಅದೇ ವಿಧಿಯಲ್ಲಿ ಪುರುಷರೆಲ್ಲರೂ ಎಂಬರ್ಥ ಬರುವ ಶಬ್ದವನ್ನು ತೆಗೆಸಿ ಮಾನವರೆಲ್ಲರೂ ಎಂದು ಮಾಡಿಸಿದವರು ಭಾರತದ ಹಂಸಾ ಮೆಹ್ತಾ ಎಂಬುದನ್ನೂ ಇಲ್ಲಿ ನೆನೆಯತಕ್ಕದ್ದು. 1948ನೆಯ ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ 48 ರಾಷ್ಟ್ರಗಳು ಘೋಷಣೆಗೆ ಮತವಿತ್ತವು, 8 ತಟಸ್ಥವಾದವು, ವಿರೋಧಿಸಿದವರಿಲ್ಲ.

ಚಾಂಗರ ‘ರೆನ್’ ಚೀನದ ಪ್ರಾಚೀನ ಆಚಾರ್ಯರಿಂದ ಬಂದುದು. ಅವರಲ್ಲೊಬ್ಬನಾದ ಮೆನ್‌ಶಿಯಸ್ ಇದಕ್ಕೊಂದು ದೃಷ್ಟಾಂತವನ್ನು ಕೊಟ್ಟಿದ್ದಾನೆ. ಕೂಸೊಂದು ಬಾವಿಗೆ ಬೀಳುವುದರಲ್ಲಿದೆ; ಕಂಡವನ ಎದೆ ಧಸಕ್ಕೆನ್ನುತ್ತದೆ. ಹೆತ್ತವರ ಮೆಚ್ಚಿಕೆಯಾಗಲಿ ಊರವರ ಹೊಗಳಿಕೆಯಾಗಲಿ ಆಗ ಅವನ ಮನಸ್ಸಿನಲ್ಲಿರುವುದಿಲ್ಲ. ದೃಷ್ಟಾಂತ ರಮಣೀಯವಾಗಿದೆ, ಸತ್ಯವೂ ಆಗಿದೆ. ಆದರೆ ಹಳ್ಳಿಯ ಗೃಹಿಣಿ ಇದನ್ನು ಕೇಳಿದರೆ ಮೊದಲು ಕೇಳುವ ಪ್ರಶ್ನೆ ಬೇರೆ: ಆ ಬಾವಿಗೆ ಕಟ್ಟೆ ಏಕಿರಲಿಲ್ಲ? ದಾರಿಹೋಕನ ಎದೆಯಲ್ಲಿ ಕರುಣೆ ಇರುವುದು ಒಂದು. ಯಾರೂ ಹಾದುಹೋಗದ ಹೊತ್ತಿನಲ್ಲಿಯೂ ಕೂಸು ಬೀಳದಂತೆ ಕಲ್ಲು ಕಟ್ಟಿರುವುದು ಇನ್ನೊಂದು. ಚೀನ ದೇಶದ ಹಕ್ಕುಗಳ ಕಥೆಯೆಲ್ಲವೂ ಈ ಎರಡರ ನಡುವಣ ಅಂತರದಲ್ಲಿ ನಡೆದಿದೆ.

ಕಟ್ಟೆಯೇ ಇರಲಿಲ್ಲವೆಂದರೆ ತಪ್ಪಾಗುವುದು. ಅಧಿಕಾರಿಗಳ ದೋಷವನ್ನು ಎತ್ತಿ ಹೇಳುವುದಕ್ಕಾಗಿಯೇ ನೇಮಕವಾದ ಪರಿವೀಕ್ಷಕರು ಎರಡು ಸಾವಿರ ವರ್ಷ ಆ ದೇಶದಲ್ಲಿದ್ದರು. ಅವರು ಚಕ್ರವರ್ತಿಗೂ ಬುದ್ಧಿ ಹೇಳಬಹುದಾಗಿತ್ತು. ಹೇಳಿ ತಲೆ ಕಳೆದುಕೊಳ್ಳಲೂ ಬಹುದಾಗಿತ್ತು. ಮಿಂಗ್ ವಂಶದ ಕಾಲದಲ್ಲಿ ಹೈ ರುಯಿ ಎಂಬ ಕಂದಾಯ ಶಾಖೆಯ ಅಧಿಕಾರಿ, ಪರಿವೀಕ್ಷಕನಲ್ಲದಿದ್ದರೂ, ಆ ಸಂಪ್ರದಾಯಕ್ಕೆ ಶಿಖರಪ್ರಾಯನಾದನು. ಅಮರತ್ವದ ಹುಚ್ಚು ಹಿಡಿದು ರಾಜ್ಯವನ್ನು ಮರೆತಿದ್ದ ಚಕ್ರವರ್ತಿಗೆ 1566ರಲ್ಲಿ ಅವನು ಕಟುವಾದ ಬಿನ್ನಹವನ್ನು ಬರೆದನು. ಬರೆದು, ಹೆಂಡತಿ ಮಕ್ಕಳಿಗೆ ವಿದಾಯ ಹೇಳಿ, ತನಗೆ ಶವಪೆಟ್ಟಿಗೆಯನ್ನೂ ಕೊಂಡಿಟ್ಟನಂತೆ. ಸೆರೆಗೆ ಹಾಕಲ್ಪಟ್ಟನು. ಮರುವರ್ಷದ ಆದಿಯಲ್ಲಿ ಚಕ್ರವರ್ತಿಯೇ ಸತ್ತುದರಿಂದ ಬದುಕಿಕೊಂಡನು. ಜನರು ಇಂದಿಗೂ ಅವನ ಹೆಸರನ್ನು ಭಕ್ತಿಯಿಂದ ಹೇಳುತ್ತಾರೆ. ಆದರೆ ಬಿನ್ನವಿಸುವವನು ಶವಪೆಟ್ಟಿಗೆಯನ್ನು ಕೊಳ್ಳಬೇಕಾದ ರಾಜ್ಯದಲ್ಲಿ ಹೈ ರುಯಿಗಳು ಎಷ್ಟು ಮಂದಿ ಹುಟ್ಟಿಯಾರು?

ನಾಲ್ಕು ಶತಮಾನಗಳ ಬಳಿಕ ಈ ಹೆಸರು ಮತ್ತೆ ಎದ್ದುಬಂದಿತು. 1959ರಲ್ಲಿ ಮಾವೋ ಅವರೇ ಹೈ ರುಯಿಯ ಎದೆಗಾರಿಕೆಯನ್ನು ಕೊಂಡಾಡಿ, ಸತ್ಯವನ್ನು ಹೇಳಿರೆಂದು ತಮ್ಮವರಿಗೆ ಉಪದೇಶಿಸಿದರು. ಆ ವರ್ಷದ ಬೇಸಿಗೆಯಲ್ಲಿ ಲೂಷಾನ್ ಗಿರಿಧಾಮದ ಸಭೆಯಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯರು ಅದನ್ನು ನಂಬಿದವರಂತೆ ಮಾವೋ ಅವರಿಗೊಂದು ಖಾಸಗಿ ಪತ್ರ ಬರೆದು, ಹಳ್ಳಿಗಳಲ್ಲಿ ಬೆಳೆಯ ಲೆಕ್ಕ ಸುಳ್ಳಾಗುತ್ತಿದೆ, ಆತುರದಿಂದ ಹಾನಿಯಾಗುತ್ತಿದೆ ಎಂದು ತಿಳಿಸಿದರು. ಪದವಿ ಹೋಯಿತು. ಇದನ್ನು ಕಂಡ ಮೇಲೆ ಜಿಲ್ಲೆಯ ಅಧಿಕಾರಿಯಾಗಲಿ ಹಳ್ಳಿಯ ಮುಖಂಡನಾಗಲಿ ಬಾಯಿ ಬಿಡುವುದುಂಟೆ? ಕಣಜ ಬರಿದಾಗಿದ್ದರೂ ತುಂಬಿದೆಯೆಂದೇ ವರದಿಗಳು ಹೋದವು. ವರದಿಗೆ ತಕ್ಕಂತೆ ಸರಕಾರ ಧಾನ್ಯವನ್ನು ಎತ್ತಿಕೊಂಡು ಹೋಯಿತು. 1959ರಿಂದ 1961ರ ವರೆಗಿನ ಕ್ಷಾಮದಲ್ಲಿ ಮಡಿದವರ ಅಂದಾಜುಗಳು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಹಬ್ಬುತ್ತವೆ. ಪತ್ರಿಕೆಗಳೂ ಪ್ರತಿಪಕ್ಷವೂ ಇರುವ ದೇಶದಲ್ಲಿ ಇಂತಹ ಮಹಾಕ್ಷಾಮ ಮೂರು ವರ್ಷ ನಡೆಯಲಾರದೆಂದು ಅಮರ್ತ್ಯ ಸೇನರು ಭಾರತವನ್ನು ಎದುರಿಗಿಟ್ಟು ಹೇಳಿದ್ದಾರೆ. ಭಾರತದ ನಿತ್ಯದ ಹಸಿವನ್ನು ಅವರು ಮರೆಮಾಚಿದವರೂ ಅಲ್ಲ. ಇತ್ತ ಚರಿತ್ರಕಾರ ವೂ ಹಾನರು ಹೈ ರುಯಿಯ ಮೇಲೆ ರಚಿಸಿದ ನಾಟಕ 1961ರಲ್ಲಿ ರಂಗಕ್ಕೆ ಬಂದಿತು. 1965ರಲ್ಲಿ ಅದು ಪೆಂಗರ ಪಕ್ಷ ವಹಿಸಿದ ದ್ರೋಹವೆಂದು ಆರೋಪ ಹುಟ್ಟಿತು, ಸಾಂಸ್ಕೃತಿಕ ಕ್ರಾಂತಿಗೆ ಅದೇ ಕಿಡಿಯಾಯಿತು. ವೂ ಹಾನರು 1969ರಲ್ಲಿ ಸೆರೆಯಲ್ಲಿ ತೀರಿಕೊಂಡರು. ಹೈ ರುಯಿಗಾದರೂ ಸೆರೆಯಿಂದ ಹೊರಬರುವ ಭಾಗ್ಯವಿತ್ತು.

ಆ ಕಾಲ ಕಳೆದ ಮೇಲೆ ಪೀಕಿಂಗಿನ ಸರಕಾರ ಹಕ್ಕೆಂಬ ಶಬ್ದವನ್ನು ಬಹಿಷ್ಕರಿಸುವುದನ್ನು ಬಿಟ್ಟಿತು. 1991ರಲ್ಲಿ ಒಂದು ಶ್ವೇತಪತ್ರವನ್ನು ಹೊರಡಿಸಿ, ಜೀವಿಸುವ ಹಕ್ಕೇ ಮೊದಲನೆಯದು, ಹೊಟ್ಟೆ ತುಂಬದವನಿಗೆ ಮಿಕ್ಕ ಹಕ್ಕುಗಳಿಂದೇನು ಎಂದು ವಾದಿಸಿತು. ಈ ವಾದವನ್ನು ನಗುವಂತಿಲ್ಲ. ಆ ದೇಶ ಬಡತನವನ್ನು ತಗ್ಗಿಸಿದ ವೇಗಕ್ಕೆ ಸಮಾನವಾದುದು ಚರಿತ್ರೆಯಲ್ಲಿ ದುರ್ಲಭ. ಆದರೂ ಕ್ಷಾಮದ ಮೂರು ವರ್ಷಗಳನ್ನು ನೆನೆದವನಿಗೆ, ಅನ್ನದ ಹಕ್ಕೂ ಬಾಯಿ ಬಿಡುವ ಹಕ್ಕೂ ಒಂದೇ ಬಳ್ಳಿಯ ಕಾಯಿಗಳೆಂದು ತೋರದಿರದು. 2004ರಲ್ಲಿ ರಾಜ್ಯವು ಮಾನವ ಹಕ್ಕುಗಳನ್ನು ಗೌರವಿಸಿ ಕಾಪಾಡುವುದೆಂದು ಸಂವಿಧಾನಕ್ಕೇ ಸೇರಿಸಲಾಯಿತು. ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧನ ಕೇಂದ್ರಗಳು ಎದ್ದವು. ಚಾಂಗರ ನಾನ್‌ಕಾಯಿಯಲ್ಲಿಯೂ ಒಂದುಂಟು. ಇಷ್ಟಿದ್ದೂ ಸರಕಾರದ ಕೈಯಿಂದ ಹೊರಗೆ ನಿಂತು ದೂರನ್ನು ವಿಚಾರಿಸುವ ರಾಷ್ಟ್ರೀಯ ಆಯೋಗ ಮಾತ್ರ ಅಲ್ಲಿ ಹುಟ್ಟಲಿಲ್ಲ. ಅಂತಹ ಆಯೋಗಗಳು ಹೇಗಿರಬೇಕೆಂದು 1993ರಲ್ಲಿ ವಿಶ್ವಸಂಸ್ಥೆ ಸೂತ್ರಗಳನ್ನು ಒಪ್ಪಿತು. ಭಾರತವು ಅದೇ ವರ್ಷ ತನ್ನ ಆಯೋಗವನ್ನು ರಚಿಸಿತು. (ಭಾರತದ ಆಯೋಗದ ಶಿಫಾರಸಿಗೆ ಸರಕಾರ ಕಟ್ಟುಬೀಳಬೇಕೆಂಬ ನಿಯಮವಿಲ್ಲ, ಕಟ್ಟೆ ಇದೆ, ಎತ್ತರ ಸಾಲದು.) ಚೀನದಲ್ಲಿ ಇರುವುದು ಅಹವಾಲು ಕಚೇರಿಗಳು. ಊರಿನ ಅಧಿಕಾರಿಯ ಮೇಲೆ ದೂರು ಹೊತ್ತು ರಾಜಧಾನಿಗೆ ಹೋದವರನ್ನು ಅದೇ ಅಧಿಕಾರಿಯ ಜನ ಬಂದು ಹಿಡಿದೊಯ್ದ ಉದಾಹರಣೆಗಳು ಹೇರಳವಾಗಿವೆ.

ಕರುಣೆಯೇ ಕಟ್ಟೆಯಿಲ್ಲದಿದ್ದರೆ ಏನಾದೀತೆಂಬುದಕ್ಕೆ ಸುನ್ ಜಿಗಾಂಗನ ಪ್ರಕರಣಕ್ಕಿಂತ ಬೇರೆ ನಿದರ್ಶನ ಬೇಡ. ನಗರಗಳಲ್ಲಿ ಅಲೆಯುವ ನಿರ್ಗತಿಕರನ್ನು ಸಲಹಿ ಊರಿಗೆ ಕಳುಹಿಸಬೇಕೆಂದು 1982ರಲ್ಲಿ ಒಂದು ನಿಬಂಧನೆಯಾಗಿತ್ತು. ಹುಟ್ಟಿದುದು ದಯೆಯಿಂದ, ಬೆಳೆದುದು ಬೋನಾಗಿ. 2003ನೆಯ ಮಾರ್ಚ್ 17ರ ರಾತ್ರಿ ಗುವಾಂಗ್‌ಜೌ ನಗರದಲ್ಲಿ, ಉದ್ಯೋಗಕ್ಕೆಂದು ಬಂದಿದ್ದ 27 ವರ್ಷದ ಈ ವಿದ್ಯಾವಂತ ಯುವಕನನ್ನು ವಾಸದ ಪರವಾನಗಿ ಇಲ್ಲವೆಂದು ಹಿಡಿದರು. ಮೂರನೆಯ ದಿನ ಅವನು ಬಂಧನದಲ್ಲಿಯೇ ಹೊಡೆತಗಳಿಂದ ಸತ್ತನು. ಅಲ್ಲಿಯ ಪತ್ರಿಕೆಯೊಂದು ಅದನ್ನು ಬಯಲಿಗೆಳೆಯಿತು. ನ್ಯಾಯಶಾಸ್ತ್ರದ ಮೂವರು ತರುಣ ವಿದ್ವಾಂಸರು, ಈ ನಿಬಂಧನೆ ಸಂವಿಧಾನಕ್ಕೆ ಒಪ್ಪುವುದೇ ಪರೀಕ್ಷಿಸಿರೆಂದು ರಾಷ್ಟ್ರದ ಶಾಸನಸಭೆಯ ಸ್ಥಾಯೀ ಸಮಿತಿಗೆ ಬರೆದರು. ಹಾಗೆ ಕೇಳಲು ಕಾಯಿದೆಯಲ್ಲಿಯೇ ಅವಕಾಶವಿತ್ತು. ಸಮಿತಿ ಉತ್ತರಿಸುವ ಮೊದಲೇ, ಜೂನ್ ತಿಂಗಳಲ್ಲಿ, ಸರಕಾರ ತಾನಾಗಿಯೇ ನಿಬಂಧನೆಯನ್ನು ರದ್ದುಗೊಳಿಸಿತು. ಜನ ಸಂತೋಷಪಟ್ಟರು, ಸಂತೋಷಪಡತಕ್ಕದ್ದೇ. ಆದರೆ ಪ್ರಶ್ನೆಗೆ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳುವವನಿಗೆ ಆಧಾರವಾಗಿ ಹಿಡಿದುಕೊಳ್ಳಲು ಒಂದು ತೀರ್ಪೂ ಉಳಿಯಲಿಲ್ಲ. ಆ ಮೂವರಲ್ಲೊಬ್ಬರಾದ ಷೂ ಜಿಯೊಂಗರು ಆ ಮೇಲೆಯೂ ಸಂವಿಧಾನದಲ್ಲಿ ಬರೆದಿರುವುದನ್ನೇ ಕೇಳುತ್ತ ಬಂದರು. 2014ರಲ್ಲಿ ಅವರಿಗೆ 4 ವರ್ಷ, 2023ರಲ್ಲಿ 14 ವರ್ಷ ಸೆರೆಯ ಶಿಕ್ಷೆಯಾಯಿತು.

ಚಾಂಗರು ಯಾರ ಪ್ರತಿನಿಧಿಯಾಗಿದ್ದರೋ ಆ ಸರಕಾರದ ನಡತೆಯನ್ನೂ ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಘೋಷಣೆಗೆ ಮತವಿತ್ತ ಮರುವರ್ಷವೇ ಅದು ತೈವಾನಿಗೆ ಓಡಿಹೋಯಿತು; ಅಲ್ಲಿ 1949ರಿಂದ 1987ರ ವರೆಗೆ ಸೈನಿಕ ಶಾಸನವನ್ನು ಹೇರಿತು. ಹಳೆಯ ಪರಿವೀಕ್ಷಕರ ಸಂಪ್ರದಾಯವನ್ನು ಸುನ್ ಯಾತ್ ಸೇನರು ಐದು ಅಂಗಗಳ ರಾಜ್ಯವ್ಯವಸ್ಥೆಯಲ್ಲಿ ಒಂದಾಗಿ ಕಲ್ಪಿಸಿದ್ದುದರಿಂದ, ಪರಿವೀಕ್ಷಣ ಮಂಡಲಿಯೊಂದು ಅಲ್ಲಿಗೂ ಹೋಗಿತ್ತು. ಆದರೆ ನಡುಗಡ್ಡೆಯ ಸೆರೆಮನೆಗಳು ತುಂಬುವುದನ್ನು ಅದು ತಡೆಯಲಿಲ್ಲ. ಹೆಸರಿಗೆ ಕಟ್ಟೆಯಿದ್ದೂ ಕೂಸುಗಳು ಬಿದ್ದವು. 1979ರಲ್ಲಿ, ಚಾಂಗರ ಘೋಷಣೆಯ ದಿನವಾದ ಡಿಸೆಂಬರ್ 10ರಂದೇ, ಕಾವ್‌ಶುಂಗ್ ಪಟ್ಟಣದಲ್ಲಿ ‘ಫಾರ್ಮೋಸಾ’ ಪತ್ರಿಕೆಯವರು ಕೂಡಿಸಿದ ಸಭೆಯನ್ನು ಪೋಲೀಸರು ಮುತ್ತಿದರು. ಆ ಪ್ರಕರಣದಲ್ಲಿ 12 ವರ್ಷದ ಶಿಕ್ಷೆಗೆ ಗುರಿಯಾದವರಲ್ಲಿ ಚೆನ್ ಚೂ ಎಂಬ ತರುಣಿಯೊಬ್ಬರಿದ್ದರು. ಸುಮಾರು ಆರು ವರ್ಷಗಳ ತರುವಾಯ ಬಿಡುಗಡೆಯಾದರು. 2020ನೆಯ ಆಗಸ್ಟ್ 1ರಂದು ಅದೇ ಪರಿವೀಕ್ಷಣ ಮಂಡಲಿಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸ್ಥಾಪಿತವಾದಾಗ ಅದರ ಮೊದಲ ಅಧ್ಯಕ್ಷೆಯಾದವರು ಇವರೇ.

ಮಂಡಲಿಯ ಕಟ್ಟಡ ತೈಪೆಯ ನಡುವೆಯೇ ಇದೆ. ಜಪಾನೀಯರ ಆಳ್ವಿಕೆಯಲ್ಲಿ, 1915ರಲ್ಲಿ, ಕಚೇರಿಗಾಗಿ ಕಟ್ಟಿಸಿದುದು. ಸರದಿಯ ಮೇಲೆ ಮಂಡಲಿಯ ಸದಸ್ಯರೊಬ್ಬರು ಅಲ್ಲಿ ಕುಳಿತು, ಬಂದವರ ಅಹವಾಲನ್ನು ಕೇಳಿ ಬರೆಸಿಕೊಳ್ಳುತ್ತಾರೆ.